ಬೆಟ್ಟಕ್ಕೆ ಎರಡು ದಿನ ತಡ

ನಮ್ಮೂರಿನಲ್ಲಿ ಸಂಬಂಧಗಳು ಡೇಟಾಬೇಸಿನಲ್ಲಿ ಇರುತ್ತವೆ. ಬೇರೆ ಊರುಗಳಲ್ಲಿ ಅವು ಎಲ್ಲಿರುತ್ತವೋ ನಾನು ಕಾಣೆ. ಎದೆಯಲ್ಲಿ ಅನ್ನುತ್ತಾರೆ, ರಕ್ತದಲ್ಲಿ ಅನ್ನುತ್ತಾರೆ, ಹೇಳುವವರು ಹೇಳಲಿ. ನಮ್ಮಲ್ಲಿ ಮಗು ಹುಟ್ಟಿದರೆ ಆಸ್ಪತ್ರೆಯಿಂದ ಚೀಟಿ ನಮ್ಮ ಕಚೇರಿಗೆ ಬರಬೇಕು, ನಾವು ಅದನ್ನು ಟೇಬಲ್ಲಿಗೆ ಏರಿಸಬೇಕು, ಆಮೇಲೆಯೇ ಅಜ್ಜಿಯ ಕಣ್ಣು ತುಂಬುವುದು. ಅದಕ್ಕೆ ಮೊದಲು ಆಕೆ ತೊಟ್ಟಿಲು ಇಣುಕಿ, ಯಾರ ಮನೆಯದೋ ಮುದ್ದಾಗಿದೆ ಎಂದು ಮುಂದೆ ಹೋಗಿರುತ್ತಾಳೆ. ಮದುವೆಯೂ ಅಷ್ಟೇ. ಧಾರೆ ಎರೆದು, ಊಟ ಮುಗಿದು, ಎಂಜಲೆಲೆ ಎತ್ತಿದರೂ ದಾಖಲಾಗುವವರೆಗೆ ಗಂಡು ಹೆಣ್ಣು ಬಸ್ಸಿಗೆ ಕಾಯುವವರ ಹಾಗೆ ಪಕ್ಕಪಕ್ಕ ಕೂತಿರುತ್ತಾರೆ. ದಾಖಲಾದ ಮರುಕ್ಷಣ ಅವಳಿಗೆ ಅವನ ಅಂಗಿಯ ಗುಂಡಿ ಕಿತ್ತಿರುವುದು ಕಾಣುತ್ತದೆ, ಅವನಿಗೆ ಮಾವನ ಮನೆಯ ಉಪ್ಪಿನಕಾಯಿ ರುಚಿಸುತ್ತದೆ, ನಾದಿನಿಗೆ ಅತ್ತಿಗೆಯ ಮೇಲೆ ಸಣ್ಣದೊಂದು ಅಸಮಾಧಾನ ಹುಟ್ಟಿಕೊಳ್ಳುತ್ತದೆ. ಗೆಳೆತನಕ್ಕೂ ಒಂದು ಟೇಬಲ್ ಇದೆ, ಹಗೆತನಕ್ಕೂ ಇದೆ. ಎರಡು ಕೌಂಟರಿನ ಮುಂದೆಯೂ ಕ್ಯೂ ಇರುತ್ತದೆ.

ಈ ಡೇಟಾಬೇಸನ್ನು ಹದಿನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಿರುವವಳು ನಾನು, ಗೌರಾಂಬೆ. ಅದರ ತಂತ್ರಾಂಶ ಯಾರಪ್ಪನ ಮನೆಯ ಸ್ವತ್ತೂ ಅಲ್ಲ. ಊರ ಕೆರೆಯಿದ್ದ ಹಾಗೆ. ಬೇಕಾದವರು ನೀರು ತುಂಬಿಕೊಳ್ಳಬಹುದು, ಹೂಳು ಕಂಡವರು ತೆಗೆಯಬಹುದು. ಎಲ್ಲರಿಗೂ ತೆರೆದದ್ದು ಎಂದು ಗೊತ್ತಾದ ಮೇಲೆ ನಿವೃತ್ತ ಮೇಷ್ಟ್ರೊಬ್ಬರು ಅದರ ಒಳಬರಹವನ್ನೆಲ್ಲ ಪ್ರಿಂಟ್ ತೆಗೆಸಿ, ಅರ್ಧವಿರಾಮಗಳು ವಿಪರೀತವಾಗಿವೆ ಎಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ತಂದುಕೊಟ್ಟರು. ಅವನ್ನು ತೆಗೆದರೆ ಊರಿನ ಗಂಡಹೆಂಡಿರೆಲ್ಲ ದಿಕ್ಕಾಪಾಲಾಗುತ್ತಾರೆ ಎಂದು ತಿಳಿಸಿ ಹೇಳಿ, ಕಾಫಿ ಕುಡಿಸಿ ಕಳಿಸಿದೆ. ನಾನೇ ಎಲ್ಲಾದರೂ ಸಿಕ್ಕಿಕೊಂಡರೆ ಆ ತಂತ್ರಾಂಶ ಬರೆದವರಿಗೆ ಮೇಲ್ ಬರೆಯುತ್ತೇನೆ. ಅವರ ಮುಖ ನೋಡಿದವಳಲ್ಲ. ಮೊದಲು ಕೈಪಿಡಿ ಓದಿದಿರಾ ಎಂದು ಗದರುತ್ತಾರೆ, ಆಮೇಲೆ ತಮ್ಮ ಊಟ ಬಿಟ್ಟು ಕೂತು ದಾರಿ ತೋರಿಸುತ್ತಾರೆ. ನನ್ನ ಸೋದರಮಾವನೂ ಹೀಗೆಯೇ, ಗದರುವುದರವರೆಗೆ.

ಊರು ಬೆಳೆಯಿತು. ಒಂದೇ ಸರ್ವರಿನ ಮೇಲೆ ಎಷ್ಟೆಂದು ಹೇರುವುದು? ಬೀದಿಯಲ್ಲಿ ಎದುರಾದವರು ಕೈ ಅರ್ಧ ಎತ್ತಿ ನಿಂತುಬಿಡುತ್ತಿದ್ದರು. ಅದು ನಮಸ್ಕಾರಕ್ಕೋ ಹೊಡೆಯುವುದಕ್ಕೋ ಸರ್ವರ್ ಹೇಳುವವರೆಗೆ ಅವರಿಗೇ ಗೊತ್ತಿರುತ್ತಿರಲಿಲ್ಲ. ನಾನು ಟೇಬಲ್ಲುಗಳಿಗೆ ಸೂಚಿ ಕಟ್ಟಿದೆ. ಮಾವಂದಿರನ್ನೆಲ್ಲ ಒಂದು ಕಡೆ ಹುಡುಕುವಂತಾಯಿತು, ಕೈಗಳು ಸ್ವಲ್ಪ ಬೇಗ ಇಳಿದವು. ಪುರಸಭೆಯವರು ಎತ್ತು ಎಳೆಯದಿದ್ದರೆ ಆನೆ ತರೋಣ ಎಂದು ದೊಡ್ಡ ಯಂತ್ರದ ಮಾತೆತ್ತಿದರು. ಮುಖ ಕಾಣದ ಆ ಪುಣ್ಯಾತ್ಮರು ಮಾತ್ರ, ಓದುವವರೇ ಜಾಸ್ತಿ ಬರೆಯುವವರು ಕಡಿಮೆ ತಾನೆ, ನಕಲು ಸರ್ವರುಗಳನ್ನು ಮಾಡಿಕೊಳ್ಳಿ ಎಂದು ಬರೆದರು. ಹಾಗೆಯೇ ಮಾಡಿದೆ. ಹೊಸದಾಗಿ ಬರೆಯುವುದು, ಅಳಿಸುವುದು ಏನಿದ್ದರೂ ಕೆಳಪೇಟೆಯ ನಮ್ಮ ಮೂಲ ಸರ್ವರಿನಲ್ಲಿ. ಓದುವುದಕ್ಕೆ ಮಾತ್ರ ಕೋಟೆಗೊಂದು ನಕಲು, ಹೊಳೆಯಾಚೆ ಬೆಟ್ಟದ ಪೇಟೆಗೊಂದು ನಕಲು. ಇಲ್ಲಿ ಬರೆದದ್ದು ತಾನಾಗಿ ಅಲ್ಲಿಗೆ ಹರಿಯುತ್ತದೆ.

ಕೋಟೆಗೆ ಒಂದು ನಿಮಿಷದಲ್ಲಿ ಹರಿಯಿತು. ಬೆಟ್ಟದ ತಂತಿ ಸಣ್ಣದು, ಅಲ್ಲಿಗೆ ಮುಟ್ಟಲು ಎರಡು ದಿನ ಹಿಡಿಯತೊಡಗಿತು. ಯಾವ ಪೇಟೆಯಲ್ಲಿ ನಿಂತಿರುತ್ತೀರೋ ಆ ಪೇಟೆಯ ಸರ್ವರಿನ ಪ್ರಕಾರವೇ ನಿಮಗೆ ಅನ್ನಿಸುವುದು. ನಡೆದದ್ದು ನೆನಪಿರುತ್ತದೆ, ಆದರೆ ಗೊತ್ತಿರುವುದು ಬೇರೆ, ಅನ್ನಿಸುವುದು ಬೇರೆ. ಜನ ಎರಡು ದಿನ ಗೊಣಗಿದರು, ಆಮೇಲೆ ಅದಕ್ಕೂ ಹೊಂದಿಕೊಂಡರು. ಕೆಳಗೆ ಜಗಳವಾಡಿ ಗೆಳೆತನ ಅಳಿಸಿಕೊಂಡವರು ಸೇತುವೆ ದಾಟಿ ಬೆಟ್ಟ ಹತ್ತುತ್ತಾರೆ, ಎರಡು ದಿನ ಹೆಗಲ ಮೇಲೆ ಕೈಹಾಕಿಕೊಂಡು ಓಡಾಡಿ ಇಳಿದುಹೋಗುತ್ತಾರೆ. ತಡ ಸರಿಮಾಡಿಕೊಡಿ ಎಂದು ಬೆಟ್ಟದವರು ಕೊಟ್ಟ ಅರ್ಜಿ ನನ್ನ ಮೇಜಿನ ಮೇಲಿತ್ತು. ಸರಿಮಾಡಬೇಡಿ ಎಂದು ಕೆಳಗಿನವರು ಕೊಟ್ಟ ಅರ್ಜಿ ಅದರ ಮೇಲಿತ್ತು.

ನಾನು ಮದುವೆಯಾಗಿರಲಿಲ್ಲ. ಮೂವತ್ತೇಳು ದಾಟಿತ್ತು. ನಮ್ಮಪ್ಪ ಸಿದ್ಧವೀರಣ್ಣ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವರು, ನನ್ನನ್ನು ನೋಡಿದಾಗಲೆಲ್ಲ ಒಂದು ತಟ್ಟೆ ಖಾಲಿಯಿರುವ ತಕ್ಕಡಿ ನೋಡಿದ ಹಾಗೆ ಸಂಕಟಪಡುತ್ತಿದ್ದರು. ಹದಿನೇಳು ಸಂಬಂಧ ತಂದರು, ಹದಿನೇಳನ್ನೂ ಬೇಡವೆಂದೆ. ಮಿಠಾಯಿ ಮಾಡುವವನ ನಾಲಿಗೆ ಮಿಠಾಯಿಗೆ ಸತ್ತಿರುತ್ತದಲ್ಲ, ಹಾಗಾಗಿತ್ತು ನನಗೆ. ದಿನಕ್ಕೆ ನಲವತ್ತು ಜನರ ಪ್ರೀತಿ ಒಂದು ಗುಂಡಿ ಒತ್ತಿದರೆ ಹುಟ್ಟುವುದನ್ನು ನೋಡುತ್ತಿದ್ದವಳು ನಾನು. ಆ ಗುಂಡಿ ಒತ್ತದೆ ನನ್ನೊಳಗೆ ತಾನಾಗಿ ಏನಾದರೂ ಹುಟ್ಟೀತೇ ಎಂಬುದೊಂದು ಆಸೆ. ಊರಿನಲ್ಲಿ ಯಾರಿಗೂ ಹಾಗೆ ಹುಟ್ಟಿದ ದಾಖಲೆ ಇರಲಿಲ್ಲ. ದಾಖಲೆಯಿಲ್ಲದೆ ಹುಟ್ಟುವುದಕ್ಕೆ ದಾಖಲೆ ಎಲ್ಲಿಂದ ಬರಬೇಕು ಎಂದು ಅಪ್ಪನ ಜೊತೆ ವಾದ ಮಾಡುತ್ತಿದ್ದೆ. ಅಪ್ಪ ತಲೆ ಹಿಡಿದುಕೊಂಡು ಕೂರುತ್ತಿದ್ದರು.

ನಮ್ಮ ಕೌಂಟರಿನದೊಂದು ಪದ್ಧತಿಯಿದೆ. ಗುಮಾಸ್ತರು ವಿವರವನ್ನೆಲ್ಲ ತುಂಬಿ, ಒಪ್ಪಿಸಲಾ ಎಂದು ಕೇಳುತ್ತಾರೆ. ಮನೆಯ ಹಿರಿಯರು ಒಪ್ಪಿಸಿ ಎನ್ನುತ್ತಾರೆ. ಗುಂಡಿ ಒತ್ತಿದರೆ ದಾಖಲಾಯಿತು, ಇನ್ನು ಬ್ರಹ್ಮ ಬಂದರೂ ಆದದ್ದು ಆದಂತೆಯೇ. ಅಲ್ಲಿಯವರೆಗೆ ಅದು ಅರೆತೆರೆದ ಬಾಗಿಲು. ಅಂಥದ್ದನ್ನು ಹೆಚ್ಚು ಹೊತ್ತು ಹಾಗೆಯೇ ಬಿಟ್ಟರೆ ಹಿಂದಿನ ಕಸ ಗುಡಿಸಲಾಗದೆ ಸರ್ವರ್ ಏದುಸಿರು ಬಿಡತೊಡಗುತ್ತದೆ. ಆ ವಾರ ಹಾಗೇ ಆಯಿತು. ಹುಡುಕಿ ನೋಡಿದರೆ ನಾರಣಪ್ಪನವರ ಕೌಂಟರಿನಲ್ಲಿ ಯಾವುದೋ ಒಂದು ಮದುವೆ ಹನ್ನೊಂದು ದಿನದಿಂದ ಅರೆತೆರೆದೇ ಇತ್ತು. ಯಾರದೆಂದು ನೋಡುವಷ್ಟು ವ್ಯವಧಾನ ನನಗಿರಲಿಲ್ಲ. ಮಂಗಳವಾರ ಮಧ್ಯಾಹ್ನದೊಳಗೆ ಒಪ್ಪಿಸಿ, ಇಲ್ಲವೇ ಹಿಂತೆಗೆಯಿರಿ ಎಂದು ಸುತ್ತೋಲೆ ಹೊರಡಿಸಿದೆ.

ಅದು ನನ್ನದೇ ಮದುವೆಯಾಗಿತ್ತು. ಅಪ್ಪ, ಹುಡುಗನ ಅಕ್ಕ ಇಬ್ಬರೂ ಗುಟ್ಟಾಗಿ ಬಂದು ವಿವರ ತುಂಬಿಸಿ, ಹೆಣ್ಣುಗಂಡಿನ ಮನಸ್ಸು ತಿರುಗುವವರೆಗೆ ಸ್ವಲ್ಪ ತಡೆಯಿರಿ ಎಂದು ಹೇಳಿ ಹೋಗಿದ್ದರು. ನಾರಣಪ್ಪ ತಡೆದಿದ್ದರು. ಅವರು ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮನುಷ್ಯ. ಒಮ್ಮೆ ಮೇಲಧಿಕಾರಿಯೊಬ್ಬರು ಸಿಟ್ಟಿನಲ್ಲಿ ಹಾಳಾಗಿ ಹೋಗ್ರೀ ಎಂದಾಗ ಅರ್ಧ ದಿನದ ರಜೆ ಬರೆದಿಟ್ಟು ಹೋಗಿದ್ದರು. ಮಂಗಳವಾರ ಹನ್ನೊಂದರ ಸುಮಾರಿಗೆ ಅಪ್ಪ ಬಂದಾಗ ನಾರಣಪ್ಪ ಸುತ್ತೋಲೆ ತೋರಿಸಿದರಂತೆ. ಅಪ್ಪ ನಿಟ್ಟುಸಿರು ಬಿಟ್ಟು ಕೌಂಟರಿಗೆ ಒರಗಿ ನಿಂತರಂತೆ.

"ನನ್ ಮಾತು ಎಲ್ಲಿ ಕೇಳ್ತಾಳೆ ನಾರಣಪ್ಪ. ದಿನಾ ಜೊತೇಲಿ ಕೆಲಸ ಮಾಡೋರು ನೀವು. ಹೆಂಗಾದ್ರೂ ಮಾಡಿ ಒಪ್ಪಿಸಿ."

ನಾರಣಪ್ಪ ನಿಯಮದ ಪ್ರಕಾರ ಇನ್ನೊಮ್ಮೆ ಕೇಳಿದರು. "ಒಪ್ಪಿಸಲಾ?"

"ಒಪ್ಪಿಸಿ ಅಂತ್ಲೇ ಅಲ್ವಾ ಹೇಳ್ತಿರೋದು."

ಒಳಗಿನ ಕೋಣೆಯಲ್ಲಿ ನಾನು ಸರ್ವರಿನ ಬಿಸಿ ಎಷ್ಟಿದೆಯೆಂದು ನೋಡುತ್ತಿದ್ದೆ. ಹನ್ನೊಂದು ಇಪ್ಪತ್ತಕ್ಕೆ ಇದ್ದಕ್ಕಿದ್ದ ಹಾಗೆ, ಮುರುಗೇಂದ್ರ ತಿಂಡಿ ತಿಂದರೋ ಇಲ್ಲವೋ ಎಂಬ ಚಿಂತೆ ಹತ್ತಿತು. ಮುರುಗೇಂದ್ರ ಎಂಬ ಹೆಸರನ್ನೇ ನಾನು ಕೇಳಿದವಳಲ್ಲ. ಮದುವೆ ಟೇಬಲ್ ತೆರೆದು ಕೊನೆಯ ಸಾಲು ನೋಡಿದೆ. ಗೌರಾಂಬೆ, ಮುರುಗೇಂದ್ರ, ವಯಸ್ಸು ನಲವತ್ತೊಂದು, ಗೋಲಿ ಸೋಡಾ ತಯಾರಿಕೆ. ಬಾಟಲಿಗಳ ನಡುವೆ ಓಡಾಡುವವರು ಕಾಲಿಗೆ ಚಪ್ಪಲಿಯನ್ನಾದರೂ ಹಾಕಿಕೊಳ್ಳುತ್ತಾರೋ ಇಲ್ಲವೋ ಎನ್ನಿಸಿ ನನಗೆ ಅಳುವೇ ಬಂತು.

ಹೊರಗೆ ಬಂದರೆ ಅಪ್ಪ ಆಗಲೇ ಮಾವನಾಗಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಾರಣಪ್ಪನವರನ್ನು ಬೈಯಬೇಕೆಂದು ಬಾಯಿ ತೆರೆದೆ, ಸೋಡಾದಿಂದ ಗಂಟಲು ಕೆಡುತ್ತದೆಯೇ ಎಂದು ಕೇಳಿಬಿಟ್ಟೆ. ರದ್ದತಿಯ ಅರ್ಜಿ ತೆಗೆದು ತುಂಬಿದೆ, ಸಹಿ ಹಾಕಲು ಕೈ ಬರಲಿಲ್ಲ. ನಮ್ಮೂರಿನಲ್ಲಿ ಹೊಸ ಮದುವೆಗಳು ರದ್ದಾಗದೇ ಇರುವುದರ ಗುಟ್ಟು ಇದೇ. ರದ್ದು ಮಾಡುವುದು ಮೂಲ ಸರ್ವರಿನಲ್ಲಿ ಮಾತ್ರ ಸಾಧ್ಯ, ಆ ಸರ್ವರಿನ ಕೆಳಗೆ ನಿಂತವರಿಗೆ ರದ್ದು ಮಾಡುವ ಮನಸ್ಸೇ ಇರುವುದಿಲ್ಲ. ಬೆಟ್ಟದಲ್ಲಿ ಮನಸ್ಸಿರುತ್ತದೆ, ಅಲ್ಲಿಯ ಸರ್ವರಿನಲ್ಲಿ ಬರೆಯಲು ಬರುವುದಿಲ್ಲ. ಆದರೆ ಸಹಿಯನ್ನು ಅಲ್ಲಿ ಹಾಕಿ ಅರ್ಜಿಯನ್ನು ಕೆಳಗೆ ಕಳಿಸಬಾರದೆಂದು ಯಾವ ನಿಯಮವೂ ಇಲ್ಲ. ಈ ದಾಖಲೆ ಬೆಟ್ಟ ಮುಟ್ಟುವುದು ಗುರುವಾರ ಹನ್ನೊಂದು ಇಪ್ಪತ್ತಕ್ಕೆ. ಅಷ್ಟರೊಳಗೆ ಇಬ್ಬರೂ ಸಹಿ ಹಾಕಿದರೆ ನಾನು ಮತ್ತೆ ನಾನಾಗುತ್ತಿದ್ದೆ. ಇಲ್ಲದಿದ್ದರೆ ಜೀವಮಾನವಿಡೀ ಆ ಮನುಷ್ಯನ ಚಪ್ಪಲಿಯ ಚಿಂತೆ ಮಾಡುತ್ತ, ಅದು ನನ್ನದೋ ಸರ್ವರಿನದೋ ತಿಳಿಯದೆ ಸಾಯಬೇಕಿತ್ತು. ಸೋಡಾ ಕಾರ್ಖಾನೆಗೆ ಹೇಳಿಕಳಿಸಿ, ಅರ್ಜಿ ಹಿಡಿದು ಬಸ್ಸು ಹತ್ತಿದೆ. ಸೇತುವೆಯ ನಡುವೆ ಚಿಂತೆ ನಿಂತುಹೋಯಿತು. ಚಪ್ಪಲಿಯೊಳಗೆ ಸೇರಿದ ಹರಳು ಬಿದ್ದುಹೋದ ಹಾಗಾಯಿತು.

ಬೆಟ್ಟದ ಸರ್ವರ್ ಇರುವುದು ಹಳೆಯ ಸುಂಕದಕಟ್ಟೆಯಲ್ಲಿ. ಅದರ ಬೀಗದಕೈ ದ್ಯಾವಕ್ಕನ ಬಳಿ ಇರುತ್ತದೆ, ಆಕೆ ಪಕ್ಕದಲ್ಲೇ ಇಡ್ಲಿ ಹೋಟೆಲು ಇಟ್ಟುಕೊಂಡಿದ್ದಾಳೆ. ನಾನು ಆಕೆಯ ಮನೆಯಲ್ಲಿ ಉಳಿದೆ. ಬುಧವಾರ ಬೆಳಿಗ್ಗೆ ಮುರುಗೇಂದ್ರ ಬಂದರು. ಎತ್ತರದ ಆಳು, ಕಿವಿ ಸ್ವಲ್ಪ ಮಂದ, ಕಾಲಲ್ಲಿ ಚಪ್ಪಲಿ ಇತ್ತು. ಕೈಯಲ್ಲಿ ಒಂದು ಮೊಳ ಮಲ್ಲಿಗೆ ಹಿಡಿದಿದ್ದರು. ಕೆಳಗೆ ಕೊಂಡಾಗ ಕಾರಣವಿತ್ತು, ಸೇತುವೆ ದಾಟಿದ ಮೇಲೆ ಏಕೆ ಕೊಂಡೆನೆಂದು ಅವರಿಗೇ ತಿಳಿಯಲಿಲ್ಲ. ಅದನ್ನು ಹಿಂದುಮುಂದು ನೋಡಿ ದ್ಯಾವಕ್ಕನಿಗೆ ಕೊಟ್ಟರು.

ತಮಗೂ ಈ ಮದುವೆ ಬೇಕಿರಲಿಲ್ಲ, ಅಕ್ಕನ ಕೆಲಸ ಇದು ಎಂದರು. ಸಹಿ ಹಾಕಲು ಅಡ್ಡಿಯಿಲ್ಲ ಎಂದೂ ಹೇಳಿದರು. ಸರಾಗವಾಗಿ ಮುಗಿಯುತ್ತಿತ್ತು, ಅರ್ಜಿಯಲ್ಲಿ 'ಕಾರಣ' ಎಂಬ ಒಂದು ಅಂಕಣ ಇಲ್ಲದಿದ್ದರೆ. ಮಗಳನ್ನು ಒಪ್ಪಿಸಿ ಎಂದದ್ದನ್ನು ದಾಖಲೆ ಒಪ್ಪಿಸಿ ಎಂದು ತಿಳಿದುದರಿಂದ ಎಂದು ನಾನು ಬರೆದಿದ್ದೆ. ಹಾಗೆ ಬರೆದರೆ ನಾರಣಪ್ಪನವರ ಕೆಲಸಕ್ಕೆ ಸಂಚಕಾರ ಬರುತ್ತದೆ, ಅವರ ಹೊಟ್ಟೆ ಮೇಲೆ ಹೊಡೆಯುವುದು ಬೇಡ ಎಂದು ಮುರುಗೇಂದ್ರ ತಕರಾರು ತೆಗೆದರು. ಹಾಗಾದರೆ ಹೊಂದಾಣಿಕೆಯಿಲ್ಲ ಎಂದು ಬರೆಯೋಣ ಎಂದೆ. ಅದು ಸುಳ್ಳಾಗುತ್ತದಲ್ಲ, ಹೊಂದುತ್ತದೋ ಇಲ್ಲವೋ ನಾವಿನ್ನೂ ನೋಡಿಯೇ ಇಲ್ಲ ಎಂದರು. ಸೋಡಾ ಮಾಡುವವರಿಗೆ ಇಷ್ಟು ಸತ್ಯನಿಷ್ಠೆ ಯಾಕೆಂದು ಕೇಳಿದೆ. ಸೋಡಾದಲ್ಲಿ ಸುಳ್ಳಿದ್ದರೆ ಬಾಟಲಿ ತೆರೆದ ಕೂಡಲೇ ಗೊತ್ತಾಗುತ್ತದೆ ಎಂದರು.

ಸರಿ, ನೋಡಿಯೇ ಬರೆಯೋಣ ಎಂದಾಯಿತು. ಕೈಯಲ್ಲಿ ಒಂದು ಹಗಲು ಪೂರ್ತಿ, ಇನ್ನೊಂದು ಹಗಲು ಮುಕ್ಕಾಲು ಇತ್ತು ಎಂದು ಅವರು ಲೆಕ್ಕ ಹಾಕಿದರು, ಮುಕ್ಕಾಲಲ್ಲ, ಅರ್ಧವೂ ಇಲ್ಲ ಎಂದು ನಾನು ತಿದ್ದಿದೆ. ಇದನ್ನೇ ಮೊದಲನೆಯದಾಗಿ ಬರೆದುಕೊಳ್ಳಬಹುದಲ್ಲ ಎಂದು ಅವರು ಜೇಬಿನಿಂದ ಪೆನ್ನು ತೆಗೆದರು. ದ್ಯಾವಕ್ಕನ ಹೋಟೆಲಿನ ಬೆಂಚಿನ ಮೇಲೆ ಎದುರುಬದುರು ಕೂತು ಹೊಂದದೇ ಇರುವುದನ್ನು ಹುಡುಕತೊಡಗಿದೆವು. ಅವರು ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಏಳೆಂಟು ಸಲ ಎತ್ತಿ ಸುರಿದು, ಆಮೇಲೆ ಬಾಯಿಗಿಟ್ಟು, ಆರಿಹೋಗಿದೆ ಎಂದು ದ್ಯಾವಕ್ಕನನ್ನು ದೂರುತ್ತಿದ್ದರು. ಒಮ್ಮೆಯಲ್ಲ, ಪ್ರತಿ ಸಲವೂ. ನನ್ನ ಮೈಯೆಲ್ಲ ಉರಿಯಿತು, ಬರೆದುಕೊಂಡೆ. ಇವರು ಮಾತು ಮುಗಿಯುವ ಮುಂಚೆ ಉತ್ತರ ಕೊಡುತ್ತಾರೆ ಎಂದು ಅವರು ದುಂಡಗೆ ಬರೆದು ಓದಲು ಶುರುಮಾಡಿದರು. ಮಾತು ಮುಗಿಯುವ ಎನ್ನುವಷ್ಟರಲ್ಲಿ ಅದು ಸುಳ್ಳು ಎಂದೆ.

ಸಂಜೆಯ ಹೊತ್ತಿಗೆ ಹಾಳೆಯ ಎರಡೂ ಮಗ್ಗುಲು ತುಂಬಿದವು. ಗೋಲಿ ಸೋಡಾದ ಗೋಲಿಯನ್ನು ಹೆಬ್ಬೆರಳಿನಿಂದ ಒತ್ತುವುದು ಹೇಗೆಂದು ನಡುವೆ ಹೇಳಿಕೊಟ್ಟರು, ನನ್ನ ಸೀರೆಗೆಲ್ಲ ಚಿಮ್ಮಿತು. ಸರ್ವರುಗಳ ಕಥೆ ಕೇಳಿದರು. ಒಬ್ಬರು ಬರೆಯುವುದು, ಉಳಿದವರು ಓದುವುದು ಎಂದರೆ ನಮ್ಮಕ್ಕನ ಸಂಸಾರದ ಹಾಗೆಯೇ ಇದೆ ಎಂದರು. ಹದಿನಾಲ್ಕು ವರ್ಷ ನಾನು ಪುರಸಭೆಗೆ ವಿವರಿಸಿ ವಿವರಿಸಿ ಸೋತದ್ದು ಅವರಿಗೆ ಒಂದೇ ಸಲಕ್ಕೆ ಅರ್ಥವಾಗಿತ್ತು. ಅದನ್ನು ಬರೆದುಕೊಳ್ಳಲು ಹಾಳೆಯಲ್ಲಿ ಜಾಗವಿರಲಿಲ್ಲ.

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಸಹಿಗೆ ಕೂತೆವು. ಅವರ ಕನ್ನಡಕ ರಾತ್ರಿ ತಂಗಿದ್ದ ಛತ್ರದಲ್ಲಿ ಉಳಿದಿತ್ತು. ಓದದೆ ಸಹಿ ಹಾಕುವವರಲ್ಲ ಅವರು, ತರುತ್ತೇನೆಂದು ಮೆಟ್ಟಿಲಿಳಿದು ಹೋದರು. ಹತ್ತು ನಿಮಿಷದ ದಾರಿ. ಇಪ್ಪತ್ತಾಯಿತು, ಮೂವತ್ತಾಯಿತು. ನಾನು ಬಾಗಿಲಿಗೆ ಬಂದು ನೋಡಿದೆ. ಇನ್ನೊಮ್ಮೆ ಬಂದು ನೋಡಿದೆ. ಇಂಥ ತಡಮಾಡುವ ಮನುಷ್ಯನ ಜೊತೆ ಯಾರು ಬಾಳುತ್ತಾರೆ ಎಂದು ಸಿಡುಕಿದೆ. ಆಮೇಲೆ ಅವರಿಲ್ಲದ ಬೆಂಚು ಅಷ್ಟೊಂದು ಉದ್ದವಾಗಿ ಕಂಡದ್ದೇಕೆಂದು ತಿಳಿಯದೆ, ಹೋಗಿ ಅದರ ಮೇಲೆ ಅವರು ಕೂರುವ ಕಡೆ ಕೂತೆ. ದಾರಿಯಲ್ಲಿ ಎಲ್ಲಾದರೂ ಜಾರಿ ಬಿದ್ದರೋ ಏನೋ ಎಂಬ ಚಿಂತೆ ಹತ್ತಿತು. ಗಡಿಯಾರ ನೋಡಿದೆ. ಹನ್ನೊಂದು ಇಪ್ಪತ್ತೈದು.

ಬಂತು, ಮುಗಿಯಿತು ಎಂದುಕೊಂಡೆ. ದುಃಖ ಉಕ್ಕಿ ಬಂತು. ಎರಡು ದಿನ ಓಡಿಬಂದು ಅಡಗಿದ್ದೂ ದಂಡವಾಗಿ, ಕೊನೆಗೂ ಅದು ತಂತಿಯ ಮೇಲೆ ಹರಿದುಬಂದು ನನ್ನನ್ನು ಹಿಡಿದಿತ್ತು. ಅಷ್ಟರಲ್ಲಿ ಅವರು ಏದುತ್ತ ಮೆಟ್ಟಿಲೇರಿ ಬಂದರು, ಕನ್ನಡಕ ಹಾಕಿಕೊಂಡಿದ್ದರು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತರು. ಅರ್ಜಿಯನ್ನು ಇಬ್ಬರೂ ಮುಟ್ಟಲಿಲ್ಲ. ತಡ ಮಾಡಿಬಿಟ್ಟೆ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಆಗಿಹೋಯಿತಲ್ಲ ಬಿಡಿ ಎಂದೆ.

ಕಸುಬಿನ ಚಾಳಿ ಸುಟ್ಟರೂ ಹೋಗದು. ನನ್ನ ಸಾಲು ಬಂದು ಕೂತದ್ದನ್ನು ಕಣ್ಣಾರೆ ನೋಡಿಬಿಡೋಣ ಎಂದು ದ್ಯಾವಕ್ಕನಿಂದ ಬೀಗದಕೈ ಇಸಿದುಕೊಂಡು ಸರ್ವರ್ ಕೋಣೆಗೆ ಹೋದೆ. ಮದುವೆ ಟೇಬಲ್ಲಿನ ಕೊನೆಯಲ್ಲಿ ನನ್ನ ಹೆಸರಿರಲಿಲ್ಲ. ಸೂಚಿ ಹಿಡಿದು ಹುಡುಕಿದೆ, ಎಲ್ಲಿಯೂ ಇರಲಿಲ್ಲ. ಎಲ್ಲ ಟೇಬಲ್ಲುಗಳನ್ನೂ ನೋಡಿದರೆ ಕೊನೆಯದಾಗಿ ಬಂದಿದ್ದು ಸೋಮವಾರ ಸಂಜೆ ಐದೂ ಮುಕ್ಕಾಲಿನ ದಾಖಲೆ, ಕೋಟೆಯ ಇಬ್ಬರು ಮುದುಕರ ಗೆಳೆತನ. ಅದಾದ ಮೇಲೆ ಜಾಗ ತುಂಬಿ ಸರ್ವರ್ ಕದಲದೆ ನಿಂತುಬಿಟ್ಟಿತ್ತು. ಮುನ್ನೂರಹನ್ನೆರಡು ಸಂಬಂಧಗಳು ಹೊಳೆಯಾಚೆ ಕಾಯುತ್ತಿದ್ದವು. ನನ್ನದು ಅವುಗಳಲ್ಲಿ ಎಲ್ಲೋ ನಡುವೆ ಇತ್ತು. ಮೂರು ಸಲ ಓದಿದೆ. ನಾಲ್ಕನೆಯ ಸಲ ಅಕ್ಷರ ಮಂಜಾಯಿತು.

ಹೊರಗೆ ಬಂದೆ. ಅವರು ಮೆಟ್ಟಿಲ ಮೇಲೆ ಕೂತಿದ್ದರು.

"ಬಂದಿದೆಯಾ?"

"ಇಲ್ಲ. ಸೋಮವಾರ ಸಂಜೆಯ ದಾಖಲೆಗೇ ನಿಂತಿದೆ. ಆಮೇಲಿನದು ಬೆಟ್ಟಕ್ಕೆ ಏನೂ ಬಂದಿಲ್ಲ."

ಕಿವಿ ಮಂದವೆಂದೆನಲ್ಲ, ಇದನ್ನು ಮಾತ್ರ ಒಂದೇ ಸಲಕ್ಕೆ ಕೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಹಂಗಾದ್ರೆ ನಂಗೆ ಬೆಳಗಿಂದ ಆಗ್ತಿರೋದು ಏನ್ರೀ ಇದು?"

ಮೊದಲ ಸಲ ನಾನು ಉತ್ತರ ಕೊಡಲು ತಡಮಾಡಿದೆ. ಸರ್ವರನ್ನು ಸರಿಮಾಡಲು ಹತ್ತು ನಿಮಿಷ ಸಾಕು, ಕಸ ತೆಗೆದು ಜಾಗ ಮಾಡಿಕೊಟ್ಟರೆ ಕಾಯುತ್ತಿರುವುದೆಲ್ಲ ಒಂದೇ ಸಲ ನುಗ್ಗಿ ಬರುತ್ತದೆ, ನಮ್ಮದೂ ಬರುತ್ತದೆ, ಬಂದ ಮೇಲೆ ಯಾವುದು ಅದು ತಂದದ್ದು, ಯಾವುದು ತಾನಾಗಿ ಆದದ್ದು ಎಂದು ಇನ್ನು ಯಾವ ಕಾಲಕ್ಕೂ ಬೇರೆ ಮಾಡಲು ಬರುವುದಿಲ್ಲ ಎಂದು ಅವರಿಗೆ ತಿಳಿಸಿದೆ. ಈಗಲೇ ಮಾಡಬೇಕಾ ಎಂದು ಕೇಳಿದರು. ಅಷ್ಟು ಹೊತ್ತಿಗೆ ಹೋಟೆಲಿನ ಮುಂದೆ ಜನ ಸೇರಿದ್ದರು. ಮುದುಕಿಯೊಬ್ಬಳು ಕೋಲೂರಿಕೊಂಡು ಬಂದು, ಮೊಮ್ಮಗ ಹುಟ್ಟಿ ಮೂರು ದಿನವಾಯಿತು, ತೊಡೆಯ ಮೇಲೆ ಹಾಕಿಕೊಂಡರೂ ಏನೂ ಅನ್ನಿಸುತ್ತಿಲ್ಲ, ಯಾವಾಗ ಸರಿಹೋಗುತ್ತದಮ್ಮ ಎಂದಳು. ನನಗೆ ನಾಚಿಕೆಯೂ ಆಯಿತು, ಆಕೆಯ ಮೇಲೆ ಕನಿಕರವೂ ಬಂತು.

ಇನ್ನರ್ಧ ಗಂಟೆ ಕಾಯಿರಿ ಅಜ್ಜಿ ಎಂದು ಹೇಳಿ, ಹೋಗಿ ಮುರುಗೇಂದ್ರರ ಪಕ್ಕ ಮೆಟ್ಟಿಲ ಮೇಲೆ ಕೂತೆ. ಹದಿನಾಲ್ಕು ವರ್ಷದ ಸೇವೆಯಲ್ಲಿ ನಾನು ಬೇಕೆಂದೇ ಮಾಡಿದ ತಡ ಅದೊಂದೇ.